ವಾರಾಂತ್ಯಗಳಲ್ಲಿ ತೆಗೆದ ಚಿತ್ರ, ಮೂವತ್ತು ವರ್ಷ ತಡವಾದ ಬಿಡುಗಡೆ: ಒಂದು ವಿದ್ಯಾರ್ಥಿ ಚಿತ್ರದ ಪ್ರಕರಣ ಅಧ್ಯಯನ

ಕಡಿಮೆ ದುಡ್ಡಿನಲ್ಲಿ ಕಥಾಚಿತ್ರ ಮಾಡಲು ಹೊರಟ ವಿದ್ಯಾರ್ಥಿಗಳಿಗೆ ಎಲ್ಲರೂ ಕೊಡುವ ಸಲಹೆ ಹೆಚ್ಚು ಕಡಿಮೆ ಒಂದೇ. ಒಂದು ಮನೆ ಹಿಡಿ, ಇಬ್ಬರು ನಟರನ್ನು ಕೂರಿಸು, ಒಂದು ರಾತ್ರಿಯಲ್ಲಿ ಮುಗಿಯುವ ಕಥೆ ಬರೆ. ಸಲಹೆ ತಪ್ಪಲ್ಲ. ಆದರೆ ಅದನ್ನೇ ಕೇಳಿ ಕೇಳಿ ಬಹಳ ಜನ ತಮಗೆ ಚೆನ್ನಾಗಿ ಗೊತ್ತಿರುವ ಬೀದಿ, ಜನ, ದುಡಿಮೆ ಎಲ್ಲವನ್ನೂ ಹೊರಗೆ ಬಿಟ್ಟು ನಾಲ್ಕು ಗೋಡೆಯೊಳಗೆ ಸೇರಿಕೊಳ್ಳುತ್ತಾರೆ. ಹಾಗೆ ಸೇರಿಕೊಳ್ಳದ ಒಬ್ಬ ವಿದ್ಯಾರ್ಥಿಯ ಚಿತ್ರ ಹೇಗೆ ಆಯಿತು, ಆಮೇಲೆ ಎಲ್ಲಿ ಸಿಕ್ಕಿಹಾಕಿಕೊಂಡಿತು ಅನ್ನುವುದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಚಿತ್ರದ ಹೆಸರು ‘ಕಿಲ್ಲರ್ ಆಫ್ ಶೀಪ್’. ಮಾಡಿದವರು ಚಾರ್ಲ್ಸ್ ಬರ್ನೆಟ್. ಲಾಸ್ ಏಂಜಲಿಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಸಿನಿಮಾ ಓದುತ್ತಿದ್ದಾಗ ಎಂಎಫ್ಎ, ಅಂದರೆ ಲಲಿತಕಲೆಯ ಸ್ನಾತಕೋತ್ತರ ಪದವಿಗಾಗಿ ಮಾಡಿ ಒಪ್ಪಿಸಿದ ಚಿತ್ರ ಇದು. 16 ಎಂಎಂ ಅಗಲದ ಫಿಲ್ಮ್, ಕಪ್ಪು ಬಿಳುಪು, ಸುಮಾರು 80 ನಿಮಿಷ. ಹೆಚ್ಚಿನ ಶೂಟಿಂಗ್ ನಡೆದದ್ದು 1972 ಮತ್ತು 1973ರ ವಾರಾಂತ್ಯಗಳಲ್ಲಿ. ಕೆಲವು ಭಾಗ ಆಮೇಲೆ ಸೇರಿತು, ಚಿತ್ರ ಮುಗಿದದ್ದು 1977ರಲ್ಲಿ. ಒಟ್ಟು ಖರ್ಚು 10,000 ಡಾಲರಿಗಿಂತ ಕಡಿಮೆ. ಬರವಣಿಗೆ, ನಿರ್ದೇಶನ, ನಿರ್ಮಾಣ, ಕ್ಯಾಮೆರಾ, ಎಡಿಟಿಂಗ್ ಎಲ್ಲವೂ ಬರ್ನೆಟ್ ಅವರದೇ.

ಬರ್ನೆಟ್ ಹುಟ್ಟಿದ್ದು 1944ರಲ್ಲಿ, ಮಿಸಿಸಿಪಿಯ ವಿಕ್ಸ್‌ಬರ್ಗ್‌ನಲ್ಲಿ. ಬೆಳೆದದ್ದು ಲಾಸ್ ಏಂಜಲಿಸ್‌ನ ವಾಟ್ಸ್ ಪ್ರದೇಶದಲ್ಲಿ. ದುಡಿಯುವ ಕರಿಯ ಜನರ ಬಡಾವಣೆ ಅದು. 1965ರ ಆಗಸ್ಟ್‌ನಲ್ಲಿ ಅಲ್ಲಿ ದೊಡ್ಡ ದಂಗೆ ಆಯಿತು. ಅದಾದ ಮೇಲೆ ಹೊರಗಿನವರಿಗೆ ವಾಟ್ಸ್ ಅಂದರೆ ಬೆಂಕಿ ಮತ್ತು ಪೊಲೀಸ್ ಅಷ್ಟೇ. 1970ರ ದಶಕದ ಮೊದಲ ವರ್ಷಗಳಲ್ಲಿ ಥಿಯೇಟರಿಗೆ ಬರುತ್ತಿದ್ದ ಕರಿಯ ನಾಯಕರ ಚಿತ್ರಗಳಲ್ಲೂ ಬಂದೂಕು, ಮಾದಕ ವಸ್ತು, ಹೊಡೆದಾಟ ಜಾಸ್ತಿ. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಿ ಸಂಜೆ ಸುಸ್ತಾಗಿ ಮನೆಗೆ ಬರುವ ಮನುಷ್ಯ ಅಲ್ಲಿ ಕಾಣುತ್ತಿರಲಿಲ್ಲ. ಬರ್ನೆಟ್‌ಗೆ ಬೇಕಿದ್ದದ್ದು ಅವನೇ.

ಹಾಗಾಗಿ ಕಥೆ ತೀರಾ ಸರಳ. ಸ್ಟ್ಯಾನ್ ಅನ್ನುವವನು ಕಸಾಯಿಖಾನೆಯಲ್ಲಿ ದುಡಿಯುತ್ತಾನೆ. ಹೆಂಡತಿ ಇದ್ದಾಳೆ, ಮಕ್ಕಳಿದ್ದಾರೆ. ರಾತ್ರಿ ನಿದ್ದೆ ಬರುವುದಿಲ್ಲ. ಅಡ್ಡದಾರಿಯ ದುಡ್ಡಿಗೆ ಕರೆಯುವವರು ಮನೆ ಬಾಗಿಲಿಗೇ ಬರುತ್ತಾರೆ, ಅವನು ಹೋಗುವುದಿಲ್ಲ. ಇಷ್ಟೇ. ಕೊನೆಯಲ್ಲಿ ದೊಡ್ಡ ತಿರುವಿಲ್ಲ.

ಕಥೆಯ ಆಕಾರವೇ ಬಜೆಟ್

ಈ ಚಿತ್ರವನ್ನು ಎಷ್ಟೋ ಜನ ಸಾಕ್ಷ್ಯಚಿತ್ರದಂತಿದೆ ಅನ್ನುತ್ತಾರೆ. ಸುಮ್ನೆ ಕ್ಯಾಮೆರಾ ಹಿಡಿದು ಬೀದಿಗೆ ಇಳಿದು ಸಿಕ್ಕಿದ್ದನ್ನು ತೆಗೆದರು ಅಂತ ನೋಡಿದವರಿಗೆ ಅನ್ನಿಸುವುದು ಸಹಜ. ಆದರೆ ಇದು ಬರೆದು, ಸ್ಟೋರಿಬೋರ್ಡ್ ಹಾಕಿ, ಅಂದರೆ ಪ್ರತಿ ಶಾಟನ್ನೂ ಮೊದಲೇ ಚಿತ್ರವಾಗಿ ಬಿಡಿಸಿಕೊಂಡು ತೆಗೆದ ಚಿತ್ರ. ಅದು ಯಾಕೆ ಮುಖ್ಯ ಅಂತ ತಿಳಿಯಲು ಆ ಕಾಲದ ಲೆಕ್ಕ ನೋಡಬೇಕು.

16 ಎಂಎಂ ಫಿಲ್ಮ್ ಸೆಕೆಂಡಿಗೆ 24 ಫ್ರೇಮ್ ವೇಗದಲ್ಲಿ ಓಡಿದರೆ ನಿಮಿಷಕ್ಕೆ 36 ಅಡಿ ಬೇಕು. 400 ಅಡಿಯ ಒಂದು ರೀಲು ಸುಮಾರು 11 ನಿಮಿಷಕ್ಕೆ ಮುಗಿಯುತ್ತದೆ. 80 ನಿಮಿಷದ ಚಿತ್ರಕ್ಕೆ, ಒಂದೂ ಅಡಿ ವ್ಯರ್ಥವಾಗದಿದ್ದರೆ, 2,880 ಅಡಿ. ಪ್ರತಿ ಶಾಟಿಗೆ ಮೂರು ಟೇಕ್ ಅಂದುಕೊಂಡರೂ 8,640 ಅಡಿ. ಅಷ್ಟನ್ನೂ ಕೊಳ್ಳಬೇಕು, ಲ್ಯಾಬಿನಲ್ಲಿ ತೊಳೆಸಬೇಕು, ಎಡಿಟಿಂಗಿಗೆ ಪ್ರಿಂಟ್ ಹಾಕಿಸಬೇಕು. ಕ್ಯಾಮೆರಾ, ಎಡಿಟಿಂಗ್ ಮೇಜು ವಿಶ್ವವಿದ್ಯಾಲಯದಲ್ಲಿ ಸಿಗುತ್ತವೆ. ಆದರೆ ಕ್ಯಾಮೆರಾದೊಳಗೆ ಓಡುವ ಪ್ರತಿ ಅಡಿಯೂ ಮಾಡುವವನ ಜೇಬಿನಿಂದ ಹೋಗುವ ದುಡ್ಡು. ಇಂಥ ಸ್ಥಿತಿಯಲ್ಲಿ ‘ಸಿಕ್ಕಿದ್ದನ್ನು ತೆಗೆಯೋಣ’ ಅನ್ನುವುದೇ ಎಲ್ಲಕ್ಕಿಂತ ದುಬಾರಿ ವಿಧಾನ. ಮೊದಲೇ ಬರೆದುಕೊಂಡು ಹೋಗುವುದು ಅಗ್ಗ.

ಇವತ್ತು ಮೆಮೊರಿ ಕಾರ್ಡ್ ಇದೆ, ಟೇಕ್ ಎಷ್ಟಾದರೂ ತೆಗೆಯಬಹುದು ಅಲ್ವಾ ಅಂತ ಕೇಳಬಹುದು. ತೆಗೆಯಬಹುದು. ಆದರೆ ನಟರ ಸಮಯ, ಬೆಳಕು, ಬೇರೆಯವರು ಪುಕ್ಕಟೆ ಬಿಟ್ಟುಕೊಟ್ಟ ಮನೆಯ ತಾಳ್ಮೆ, ಇವು ಈಗಲೂ ರೀಲಿನಂತೆಯೇ ಮುಗಿದುಹೋಗುತ್ತವೆ. ವಿದ್ಯಾರ್ಥಿ ತಂಡಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ.

ಎರಡನೆಯ ನಿರ್ಧಾರ ಇನ್ನೂ ದೊಡ್ಡದು. ವಾರಾಂತ್ಯದಲ್ಲಿ ಮಾತ್ರ ಶೂಟಿಂಗ್ ಅಂದರೆ ಕೆಲಸ ತಿಂಗಳುಗಟ್ಟಲೆ ಎಳೆಯುತ್ತದೆ. ಒಬ್ಬ ಬರುತ್ತಾನೆ, ಇನ್ನೊಬ್ಬನಿಗೆ ಬೇರೆ ಕೆಲಸ. ಮಕ್ಕಳು ಬೆಳೆಯುತ್ತಾರೆ, ಕೂದಲು ಉದ್ದವಾಗುತ್ತದೆ, ಋತು ಬದಲಾಗುತ್ತದೆ. ಒಂದೇ ದಿನದಲ್ಲಿ ನಡೆಯುವ ಬಿಗಿಯಾದ ಕಥೆಯಾಗಿದ್ದರೆ ಕಂಟಿನ್ಯೂಟಿ, ಅಂದರೆ ಒಂದು ಶಾಟಿಗೂ ಮುಂದಿನದಕ್ಕೂ ಇರಬೇಕಾದ ಹೊಂದಿಕೆ, ಹಾಳಾಗಿ ಚಿತ್ರ ಕೈಬಿಡಬೇಕಾಗುತ್ತಿತ್ತು. ‘ಕಿಲ್ಲರ್ ಆಫ್ ಶೀಪ್’ ಬಿಡಿ ಬಿಡಿ ಪ್ರಸಂಗಗಳ ಮೇಲೆ ನಿಂತಿದೆ. ಮಕ್ಕಳು ಕಲ್ಲೆಸೆದು ಆಡುವುದು ಒಂದು ಪ್ರಸಂಗ. ಛಾವಣಿಯಿಂದ ಛಾವಣಿಗೆ ಹಾರುವುದು ಇನ್ನೊಂದು. ಕುದುರೆ ರೇಸಿಗೆ ಹೊರಟವರ ಕಾರಿನ ಟೈರು ದಾರಿಯಲ್ಲಿ ಪಂಕ್ಚರ್ ಆಗಿ, ಸ್ಟೆಪ್ನಿ ಇಲ್ಲದೆ ಎಲ್ಲರೂ ವಾಪಸ್ ಬರುವುದು ಮತ್ತೊಂದು. ನಡುವೆ ಕಸಾಯಿಖಾನೆ ಬಂದು ಹೋಗುತ್ತದೆ. ಯಾವುದಾದರೂ ಒಂದು ಪ್ರಸಂಗ ಸರಿಯಾಗಿ ಬರದೆ ತೆಗೆದುಹಾಕಿದರೂ ಉಳಿದದ್ದು ನಿಲ್ಲುತ್ತದೆ.

ಈ ಆಕಾರ ದುಡ್ಡಿಲ್ಲ ಅಂತ ಬಂದದ್ದೋ, ಕಲೆಗಾಗಿ ಬಂದದ್ದೋ ಅಂತ ಬೇರ್ಪಡಿಸಲು ನನಗೆ ಸಾಧ್ಯವಾಗಿಲ್ಲ. ಸ್ಟ್ಯಾನ್‌ನ ಬದುಕೇ ಹಾಗಿದೆ. ಒಂದು ದಿನಕ್ಕೂ ಇನ್ನೊಂದು ದಿನಕ್ಕೂ ನಡುವೆ ಮುಂದೆ ಹೋದಂತೆ ಅನ್ನಿಸುವುದೇ ಇಲ್ಲ. ಶೂಟಿಂಗಿನ ಅನಿವಾರ್ಯತೆ ಮತ್ತು ಕಥೆಯ ಸತ್ಯ ಒಂದೇ ಕಡೆ ಎಳೆಯುತ್ತಿವೆ. ಕಡಿಮೆ ಬಜೆಟ್ಟಿನ ಸ್ಕ್ರಿಪ್ಟ್ ಓದುವಾಗ ನಾನು ಮೊದಲು ಹುಡುಕುವುದು ಇದನ್ನೇ.

ಎಂಜಿನ್ ಪ್ರಸಂಗ

ಒಂದು ಪ್ರಸಂಗವನ್ನು ಹತ್ತಿರದಿಂದ ನೋಡೋಣ. ಸ್ಟ್ಯಾನ್ ಮತ್ತು ಅವನ ಗೆಳೆಯ ಹಳೆಯ ಕಾರಿನ ಎಂಜಿನ್ ಕೊಳ್ಳಲು ಹೋಗುತ್ತಾರೆ. ಸಂಬಳದ ದುಡ್ಡು ಕೊಟ್ಟು ಕೊಳ್ಳುತ್ತಾರೆ. ಅದನ್ನು ಇಬ್ಬರೂ ಹೊತ್ತು ಮೆಟ್ಟಿಲು ಇಳಿಸಬೇಕು. ಕ್ಯಾಮೆರಾ ಅವಸರ ಮಾಡುವುದಿಲ್ಲ. ಒಂದು ಮೆಟ್ಟಿಲು, ನಿಲ್ಲು. ಇನ್ನೊಂದು ಮೆಟ್ಟಿಲು, ಕೈ ಬದಲಿಸು. ನೋಡುವವರ ತೋಳೂ ಸೋಲುತ್ತದೆ. ಕೊನೆಗೆ ಬೀದಿಗೆ ತಂದು ಪಿಕಪ್ ಗಾಡಿಯ ಹಿಂಬದಿಗೆ ಏರಿಸುತ್ತಾರೆ. ಎಂಜಿನ್ ತೀರಾ ಅಂಚಿನಲ್ಲಿ ಕೂತಿದೆ, ಇನ್ನೂ ಸ್ವಲ್ಪ ಒಳಗೆ ತಳ್ಳಬೇಕು. ಗೆಳೆಯನ ಬೆರಳಿಗೆ ಪೆಟ್ಟಾಗಿದೆ. ಸಾಕು, ಹಾಗೇ ಇರಲಿ ಅನ್ನುತ್ತಾನೆ. ಇಳಿಜಾರಿನಲ್ಲಿ ನಿಂತಿದ್ದ ಗಾಡಿ ಹೊರಟ ಕೂಡಲೇ ಎಂಜಿನ್ ಉರುಳಿ ರಸ್ತೆಗೆ ಬಿದ್ದು ಒಡೆಯುತ್ತದೆ. ಇಬ್ಬರೂ ಇಳಿದು ನೋಡಿ, ಮತ್ತೆ ಗಾಡಿ ಹತ್ತಿ ಹೊರಟುಬಿಡುತ್ತಾರೆ.

ಈ ಪ್ರಸಂಗಕ್ಕೆ ಏನೇನು ಬೇಕು ಅಂತ ಪಟ್ಟಿ ಹಾಕಿ ನೋಡಿ. ಕೆಲಸಕ್ಕೆ ಬಾರದ ಒಂದು ಎಂಜಿನ್, ಒಂದು ಗಾಡಿ, ಮೆಟ್ಟಿಲಿರುವ ಒಂದು ಮನೆ, ಇಳಿಜಾರಿನ ಬೀದಿ. ಲೈಟ್ ಬೇಡ, ಹಗಲು ಬೆಳಕು ಸಾಕು. ಆದರೂ ಆ ಕುಟುಂಬ ಎಷ್ಟೇ ದುಡಿದರೂ ಯಾಕೆ ಮೇಲೇಳುವುದಿಲ್ಲ ಅನ್ನುವುದು ಒಂದು ಮಾತಿನ ವಿವರಣೆಯೂ ಇಲ್ಲದೆ ಗೊತ್ತಾಗುತ್ತದೆ. ಪೆಟ್ಟಾದ ಬೆರಳು, ಸಾಕು ಅನ್ನುವ ಸುಸ್ತು, ಅದರಿಂದಾಗುವ ನಷ್ಟ. ಬಡತನವನ್ನು ತೋರಿಸಲು ಅಳುವ ಮುಖದ ಕ್ಲೋಸಪ್ ಹುಡುಕುವವರು ಈ ಕೆಲವು ನಿಮಿಷಗಳನ್ನು ಮತ್ತೆ ಮತ್ತೆ ನೋಡಬೇಕು. ಒಂದು ಭಾರವಾದ ವಸ್ತು, ಅದನ್ನು ಸಾಗಿಸುವ ಇಬ್ಬರು, ಅಷ್ಟರಲ್ಲೇ ಇಡೀ ನಾಟಕ ಇದೆ.

ಜನರ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಸ್ಟ್ಯಾನ್ ಪಾತ್ರ ಮಾಡಿದ ಹೆನ್ರಿ ಸ್ಯಾಂಡರ್ಸ್, ಹೆಂಡತಿಯ ಪಾತ್ರ ಮಾಡಿದ ಕೇಸಿ ಮೂರ್ ಬಿಟ್ಟರೆ ತೆರೆಯ ಮೇಲಿರುವ ಬಹಳ ಜನ ನಟರೇ ಅಲ್ಲ, ಬಡಾವಣೆಯ ಗೆಳೆಯರು, ಅಲ್ಲಿನ ಮಕ್ಕಳು. ಸ್ಟ್ಯಾನ್‌ನ ಒಬ್ಬ ಗೆಳೆಯನ ಪಾತ್ರ ಮಾಡಿದ ಚಾರ್ಲ್ಸ್ ಬ್ರೇಸಿಯೇ ಸೌಂಡ್ ಕೆಲಸಕ್ಕೂ ಕೈ ಹಾಕಿದರು. ಯುಸಿಎಲ್‌ಎಯಲ್ಲಿ ಆಗ ಇದ್ದ ಕರಿಯ ವಿದ್ಯಾರ್ಥಿಗಳ ಗುಂಪು ಒಬ್ಬರ ಚಿತ್ರಕ್ಕೆ ಇನ್ನೊಬ್ಬರು ದುಡಿಯುತ್ತಿತ್ತು. ಅದೇ ಗುಂಪಿನ ಹೈಲೆ ಗೆರಿಮಾ ಅವರ ಚಿತ್ರಕ್ಕೆ ಬರ್ನೆಟ್ ಕ್ಯಾಮೆರಾ ಕೆಲಸ ಮಾಡಿದರು. ಬಿಲ್ಲಿ ವುಡ್‌ಬೆರಿ ಅವರ ಚಿತ್ರಕ್ಕೆ ಕಥೆ ಬರೆದು ಕ್ಯಾಮೆರಾ ಹಿಡಿದರು. ಈ ಗುಂಪನ್ನು ಆಮೇಲೆ ವಿಮರ್ಶಕರು ಎಲ್.ಎ. ರೆಬೆಲಿಯನ್ (ಲಾಸ್ ಏಂಜಲಿಸ್ ಬಂಡಾಯ) ಅಂತ ಕರೆದರು. ಕೂಲಿ ಕೊಡಲು ದುಡ್ಡಿಲ್ಲದ ಕಡೆ ಮುಯ್ಯಿ ಆಳಿನ ಪದ್ಧತಿ ಹೇಗೆ ನಡೆಯುತ್ತದೋ ಹಾಗೆಯೇ ಇದು. ಇವತ್ತು ನಿನ್ನ ಹೊಲ, ನಾಳೆ ನನ್ನದು. ತಾನೊಬ್ಬನೇ ನಿರ್ದೇಶಕ, ಉಳಿದವರೆಲ್ಲ ತನ್ನ ಸಹಾಯಕರು ಅಂದುಕೊಂಡ ವಿದ್ಯಾರ್ಥಿಗೆ ಇಂಥ ಬಲ ಸಿಗುವುದಿಲ್ಲ.

ಸಂಗೀತ

ಈಗ ಪ್ರಕರಣದ ಗಂಟು ಇರುವ ಜಾಗಕ್ಕೆ ಬರೋಣ.

ಚಿತ್ರದಲ್ಲಿ ಮಾತು ಕಡಿಮೆ, ಕೆಲವು ಕಡೆ ಆಡಿದ ಮಾತು ಸ್ಪಷ್ಟವಾಗಿ ಕೇಳಿಸುವುದೂ ಇಲ್ಲ. ಭಾವನೆಯ ಬಹುಪಾಲು ಹೊರೆ ಹೊತ್ತಿರುವುದು ಹಾಡುಗಳು. ಪಾಲ್ ರೋಬ್ಸನ್, ಲೂಯಿ ಆರ್ಮ್‌ಸ್ಟ್ರಾಂಗ್, ಡೈನಾ ವಾಷಿಂಗ್ಟನ್, ಅರ್ಥ್ ವಿಂಡ್ ಅಂಡ್ ಫೈರ್ ಹೀಗೆ ಬೇರೆ ಬೇರೆ ತಲೆಮಾರಿನ ಧ್ವನಿಮುದ್ರಿಕೆಗಳು ಬರುತ್ತವೆ. ಹಿನ್ನೆಲೆ ಖಾಲಿ ಇದೆ ಅಂತ ತುಂಬಿಸಿದ್ದಲ್ಲ. ಆ ಮನೆಗಳಲ್ಲಿ ಅಪ್ಪ ಅಮ್ಮನ ಕಾಲದಿಂದ ಕೇಳಿಬಂದ ಸಂಗೀತವೇ ಚಿತ್ರದ ಇನ್ನೊಂದು ಕಥೆ.

ಅದರಲ್ಲೂ ಗಂಡ ಹೆಂಡತಿ ಕುಣಿಯುವ ದೃಶ್ಯ. ಕಿಟಕಿಯ ಮುಂದೆ ಇಬ್ಬರೂ ನಿಧಾನವಾಗಿ ತೂಗುತ್ತಾರೆ. ಡೈನಾ ವಾಷಿಂಗ್ಟನ್ ಅವರ ‘ದಿಸ್ ಬಿಟರ್ ಅರ್ಥ್’ ಓಡುತ್ತಿದೆ. ಕ್ಯಾಮೆರಾ ಅಲುಗುವುದಿಲ್ಲ. ಹೆಂಡತಿಯ ಕೈ ಅವನ ಬೆನ್ನನ್ನು ಹಿಡಿಯುತ್ತದೆ, ಅವನ ಮೈ ಮಾತ್ರ ಅವಳ ಕಡೆಗೆ ಬರುವುದಿಲ್ಲ. ಹಾಡು ಮುಗಿಯುತ್ತದೆ. ಅವನು ಬಿಡಿಸಿಕೊಂಡು ಹೋಗುತ್ತಾನೆ. ಆ ಹಾಡು ತೆಗೆದು ಬೇರೆ ಯಾವುದಾದರೂ ಹಾಕಿ ಅಂದರೆ ದೃಶ್ಯವೇ ಉಳಿಯುವುದಿಲ್ಲ.

ಈ ಹಾಡುಗಳಿಗೆ ಅನುಮತಿ ತೆಗೆದುಕೊಂಡಿರಲಿಲ್ಲ. ಪದವಿಗೆ ಒಪ್ಪಿಸುವ ಚಿತ್ರ, ತರಗತಿಯಲ್ಲಿ ತೋರಿಸುವುದು. ಥಿಯೇಟರಿಗೆ ಹೋಗುತ್ತದೆ ಅನ್ನುವ ಲೆಕ್ಕವೇ ಇರಲಿಲ್ಲ. ಆ ಗುರಿಗೆ ಆ ನಿರ್ಧಾರ ಸರಿಯಾಗಿಯೇ ಇತ್ತು. ಚಿತ್ರ ಮಾತ್ರ ಆ ಗುರಿಯನ್ನು ದಾಟಿಬಿಟ್ಟಿತು. 1978ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಪ್ರದರ್ಶನ ಆಯಿತು. 1981ರ ಬರ್ಲಿನ್ ಉತ್ಸವದಲ್ಲಿ ವಿಮರ್ಶಕರ ಪ್ರಶಸ್ತಿ ಬಂತು. 1990ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ನ್ಯಾಷನಲ್ ಫಿಲ್ಮ್ ರಿಜಿಸ್ಟ್ರಿಗೆ ಸೇರಿತು. ದೇಶ ಉಳಿಸಿಕೊಳ್ಳಬೇಕಾದ ಚಿತ್ರ ಅಂತ ಮಾನ್ಯತೆ ಸಿಕ್ಕಿತು. ಆದರೂ ಸಾಮಾನ್ಯ ಪ್ರೇಕ್ಷಕ ಟಿಕೆಟ್ ಕೊಂಡು ನೋಡುವ ಹಾಗಿರಲಿಲ್ಲ. ಮ್ಯೂಸಿಯಂ, ಕಾಲೇಜು, ಉತ್ಸವಗಳಲ್ಲಿ ಸವೆದ 16 ಎಂಎಂ ಪ್ರಿಂಟ್ ಹಾಕಿದಾಗ ನೋಡಿದವರಷ್ಟೇ ನೋಡಿದರು.

ಹಾಡಿನ ಹಕ್ಕು ಯಾಕೆ ಇಷ್ಟು ಕಷ್ಟ ಅನ್ನುವುದು ಬಹಳ ವಿದ್ಯಾರ್ಥಿಗಳಿಗೆ ಗೊತ್ತಿರುವುದಿಲ್ಲ. ಒಂದು ಹಾಡಿಗೆ ಎರಡು ಬೇರೆ ಬೇರೆ ಹಕ್ಕು. ಮೊದಲನೆಯದು ರಚನೆಯದು, ಅಂದರೆ ಸಾಹಿತ್ಯ ಮತ್ತು ರಾಗ ಸಂಯೋಜನೆಯದು. ಅದು ಬರೆದವರ ಅಥವಾ ಅವರ ಪ್ರಕಾಶಕರ ಕೈಯಲ್ಲಿ. ಎರಡನೆಯದು ಧ್ವನಿಮುದ್ರಣದ್ದು, ಸಾಮಾನ್ಯವಾಗಿ ರೆಕಾರ್ಡ್ ಕಂಪನಿಯ ಕೈಯಲ್ಲಿ. ಎರಡೂ ಕಡೆಯವರು ಒಪ್ಪಬೇಕು. ಬರೆದವರು ಮೂವರಿದ್ದರೆ ಮೂವರ ಕಡೆಯವರೂ ಒಪ್ಪಬೇಕು. ಹಳೆಯ ಸಂಗೀತ ಅಂದ ಮಾತ್ರಕ್ಕೆ ಪುಕ್ಕಟೆ ಅಲ್ಲ. ಅಮೆರಿಕದ ಸಂಗೀತ ರಚನಕಾರ ಸ್ಕಾಟ್ ಜಾಪ್ಲಿನ್ ತೀರಿಕೊಂಡದ್ದು 1917ರಲ್ಲಿ, ಅವರು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ರಚನೆಗಳು ಈಗ ಎಲ್ಲರವು. ಆದರೆ ಅದನ್ನು ನಿನ್ನೆ ಮೊನ್ನೆ ಒಬ್ಬ ಪಿಯಾನೊ ವಾದಕ ನುಡಿಸಿ ಮುದ್ರಿಸಿದ್ದರೆ ಆ ಮುದ್ರಣಕ್ಕೆ ಬೇರೆ ಮಾಲೀಕರಿದ್ದಾರೆ. ಇದರ ಮೇಲೆ ಅನುಮತಿಯಲ್ಲೂ ಬಗೆ ಇದೆ. ಉತ್ಸವಕ್ಕೆ ಮಾತ್ರ ಕೊಟ್ಟ ಅನುಮತಿ ಥಿಯೇಟರಿಗೆ ನಡೆಯುವುದಿಲ್ಲ. ಒಂದು ದೇಶಕ್ಕೆ ಕೊಟ್ಟದ್ದು ಇನ್ನೊಂದು ದೇಶಕ್ಕೆ ಸಾಲುವುದಿಲ್ಲ.

ಕೊನೆಗೆ ಎರಡು ಕೆಲಸ ಸೇರಿ ಚಿತ್ರ ಹೊರಬಂತು. ಯುಸಿಎಲ್‌ಎ ಚಿತ್ರ ಸಂಗ್ರಹಾಲಯ ಹಾಳಾಗುತ್ತಿದ್ದ ಮೂಲ ಫಿಲ್ಮನ್ನು ಸರಿಪಡಿಸಿ 35 ಎಂಎಂಗೆ ಹಿಗ್ಗಿಸಿತು. ವಿತರಕರಾದ ಮೈಲ್‌ಸ್ಟೋನ್ ಫಿಲ್ಮ್ಸ್ ವರ್ಷಗಟ್ಟಲೆ ಓಡಾಡಿ ಹಾಡಿನ ಹಕ್ಕು ಬಿಡಿಸಿತು. ಅದಕ್ಕೆ ತಗುಲಿದ್ದು 1,50,000 ಡಾಲರ್. ನಿರ್ದೇಶಕ ಸ್ಟೀವನ್ ಸೋಡರ್‌ಬರ್ಗ್ ಹಣದ ಸಹಾಯ ಮಾಡಿದರು. 2007ರಲ್ಲಿ, ಮುಗಿದ ಮೂವತ್ತು ವರ್ಷಕ್ಕೆ, ‘ಕಿಲ್ಲರ್ ಆಫ್ ಶೀಪ್’ ಥಿಯೇಟರಿನಲ್ಲಿ ಬಿಡುಗಡೆಯಾಯಿತು. ಚಿತ್ರ ಮಾಡಲು ಆದ ಖರ್ಚಿನ ಹದಿನೈದು ಪಟ್ಟಿಗಿಂತ ಜಾಸ್ತಿ ಹಣ ಬರೀ ಹಾಡಿಗೆ ಹೋಯಿತು. ಅಷ್ಟಾದರೂ ಒಂದು ಹಾಡು ಸಿಗಲಿಲ್ಲ. ಕೊನೆಯಲ್ಲಿ ಬರುತ್ತಿದ್ದ ಡೈನಾ ವಾಷಿಂಗ್ಟನ್ ಅವರ ‘ಅನ್‌ಫರ್ಗೆಟಬಲ್’ ತೆಗೆದು, ಆ ಜಾಗಕ್ಕೆ ‘ದಿಸ್ ಬಿಟರ್ ಅರ್ಥ್’ ಅನ್ನೇ ಮತ್ತೆ ಹಾಕಬೇಕಾಯಿತು. ಮೂಲ ಹಾಡು ವಾಪಸ್ ಬಂದದ್ದು 2025ರ ಹೊಸ 4ಕೆ (ಹೆಚ್ಚು ಸ್ಪಷ್ಟತೆಯ ಡಿಜಿಟಲ್) ಆವೃತ್ತಿಯಲ್ಲಿ.

ಇದರಿಂದ ಏನು ತೆಗೆದುಕೊಳ್ಳುವುದು

ಈ ಕಥೆ ಹೇಳಿದ ಕೂಡಲೇ ‘ಬೇರೆಯವರ ಹಾಡು ಮುಟ್ಟಲೇಬಾರದು’ ಅನ್ನುವ ನಿಯಮ ಬರೆದುಕೊಳ್ಳುವವರಿದ್ದಾರೆ. ನಾನು ಒಪ್ಪುವುದಿಲ್ಲ. 1972ರಲ್ಲಿ ಯಾರಾದರೂ ಬರ್ನೆಟ್‌ಗೆ ಆ ನಿಯಮ ಹೇಳಿ, ಅವರು ಅದನ್ನು ಕೇಳಿದ್ದರೆ, ಚಿತ್ರ ಬೇಗ ಬಿಡುಗಡೆ ಆಗುತ್ತಿತ್ತೇನೋ. ಆದರೆ ಅದು ಈ ಚಿತ್ರ ಆಗಿರುತ್ತಿರಲಿಲ್ಲ. ಹಾಗಂತ ಕಳೆದುಹೋದದ್ದು ಸಣ್ಣದೂ ಅಲ್ಲ. ಯಾರ ಬದುಕಿನ ಬಗ್ಗೆ ಈ ಚಿತ್ರ ಮಾಡಿದರೋ, ಆ ಬಡಾವಣೆಯ ಒಂದು ಇಡೀ ತಲೆಮಾರು ಇದನ್ನು ತಮ್ಮ ಹತ್ತಿರದ ಥಿಯೇಟರಿನಲ್ಲಿ ನೋಡಲಾಗಲಿಲ್ಲ. 1977ರಲ್ಲಿ ತೆರೆಯ ಮೇಲೆ ಓಡಾಡಿದ ಮಕ್ಕಳು 2007ರ ಹೊತ್ತಿಗೆ ನಡುವಯಸ್ಸಿನವರು. ನನ್ನನ್ನು ತುಂಬಾ ಕಾಡುವುದು ಇದೇ.

ಹಾಗಾಗಿ ನನ್ನ ಮಾತು ಇಷ್ಟೇ. ದುಡ್ಡಿಲ್ಲದವನು ದುಡ್ಡಿನ ಬದಲು ಸಮಯ, ಸ್ನೇಹ, ತನ್ನ ಊರಿನ ಪರಿಚಯ ಕೊಟ್ಟು ಬಹಳಷ್ಟು ಪಡೆಯಬಹುದು. ಲೊಕೇಶನ್ ಹಾಗೆ ಸಿಗುತ್ತದೆ, ನಟರು ಸಿಗುತ್ತಾರೆ, ಕ್ಯಾಮೆರಾ ಸಿಗುತ್ತದೆ. ಬೇರೆಯವರ ಹಕ್ಕು ಮಾತ್ರ ಹಾಗೆ ಸಿಗುವುದಿಲ್ಲ, ಮತ್ತು ಚಿತ್ರ ಒಳ್ಳೆಯದಾದಷ್ಟೂ ಅದರ ಬೆಲೆ ಏರುತ್ತದೆ. ಯಾರಿಗೂ ಬೇಡವಾದ ಚಿತ್ರಕ್ಕೆ ಯಾರೂ ಹಕ್ಕು ಕೇಳಿಕೊಂಡು ಬರುವುದಿಲ್ಲ. ಗೆದ್ದ ಚಿತ್ರಕ್ಕೇ ಈ ತೊಂದರೆ.

ಈಗ ಚಿತ್ರ ಮಾಡುತ್ತಿರುವ ತಂಡ ಸ್ಕ್ರಿಪ್ಟ್ ಹಂತದಲ್ಲೇ ಒಂದು ಸಂಜೆ ಕೂತು ಪ್ರತಿ ಹಾಡಿನ ಮುಂದೆ ಒಂದು ಪ್ರಶ್ನೆ ಬರೆಯಲಿ: ಇದಿಲ್ಲದೆ ದೃಶ್ಯ ನಿಲ್ಲುತ್ತದಾ? ನಿಲ್ಲುತ್ತದೆ ಅನ್ನುವ ಕಡೆ ಆ ಹಾಡು ಬೇಡವೇ ಬೇಡ. ಪರಿಚಯದ ಸಂಗೀತಗಾರರ ಕೈಲಿ ಹೊಸದು ಮಾಡಿಸಿ. ಗೆಳೆಯನೇ ಆದರೂ ರಚನೆ ಮತ್ತು ಧ್ವನಿಮುದ್ರಣ ಎರಡಕ್ಕೂ ಸಹಿ ಹಾಕಿದ ಒಂದು ಪತ್ರ ಇರಲಿ, ಅದರಲ್ಲಿ ಎಲ್ಲ ಮಾಧ್ಯಮಕ್ಕೂ, ಎಲ್ಲ ದೇಶಕ್ಕೂ ಅಂತ ಬರೆದಿರಲಿ. ನಿಲ್ಲುವುದಿಲ್ಲ ಅನ್ನುವ ಕಡೆ, ಹಕ್ಕು ಯಾರದು ಅಂತ ಹುಡುಕಿ ಶೂಟಿಂಗಿಗೆ ಮುಂಚೆಯೇ ಪತ್ರ ಬರೆಯಿರಿ. ಉತ್ಸವದ ಅನುಮತಿ ಮೊದಲು ಕಡಿಮೆ ಬೆಲೆಗೆ ಕೇಳಿ, ಥಿಯೇಟರಿಗೆ ಹೋದರೆ ಎಷ್ಟು ಕೊಡಬೇಕು ಅನ್ನುವುದನ್ನೂ ಅದೇ ಪತ್ರದಲ್ಲಿ ಬರೆಸಿಕೊಳ್ಳಿ. ಹಾಗೆ ಹಂತ ಹಂತವಾಗಿ ಕೊಡುವ ಕ್ರಮ ಇದೆ, ಕೇಳಿದವರಿಗೆ ಸಿಗುತ್ತದೆ. ಉತ್ತರ ಬರದಿದ್ದರೂ, ದರ ಕೈಗೆ ಎಟುಕದಿದ್ದರೂ, ಆ ದೃಶ್ಯವನ್ನು ಬೇಕು ಅಂತಲೇ ತೆಗೆಯುತ್ತೇವೆ ಅಂದರೆ ತೆಗೆಯಿರಿ. ಎಡಿಟಿಂಗಿನಲ್ಲಿ ಮಾತು, ಸದ್ದು, ಸಂಗೀತ ಮೂರನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಉಳಿಸಿ, ಎರಡು ಕಡೆ ಬ್ಯಾಕಪ್ ಇಡಿ. ಮೂರೂ ಕಲಸಿದ ಒಂದೇ ಫೈಲ್ ಉಳಿದಿದ್ದರೆ, ಹತ್ತು ವರ್ಷದ ಮೇಲೆ ಒಂದು ಹಾಡು ಬದಲಿಸಬೇಕಾಗಿ ಬಂದಾಗ ಅದರ ಜೊತೆ ನಟರ ಮಾತೂ ಹೋಗುತ್ತದೆ.